ತಲೆದೂಗದ ಅವಧಾನಿ

ಈ ಕಥೆ ನಡೆದಾಗ ರಾಜನ ಬೆನ್ನ ಹಿಂದೆ ನಿಂತು ಚಾಮರ ಬೀಸುತ್ತಿದ್ದವನು ಸಾಕ್ಷಾತ್ ನಾನೇ. ಸುಳ್ಳು ಬಿಡಿ. ಆಗ ನಮ್ಮ ಮುತ್ತಜ್ಜನೂ ಹುಟ್ಟಿರಲಿಲ್ಲ. ದೊಡ್ಡ ಸುಳ್ಳನ್ನು ಮೊದಲೇ ಹೇಳಿ ಮುಗಿಸಿದರೆ ಮಿಕ್ಕಿದ್ದನ್ನು ಜನ ನಂಬುತ್ತಾರೆ, ಅದಕ್ಕೆ ಹೇಳಿದೆ. ಈಗ ಕೇಳಿ.

ಬೆಳ್ಳಾವರ ಅಂತ ಒಂದು ರಾಜ್ಯ. ಅಲ್ಲಿಗೊಬ್ಬ ರಾಜ. ರಾಜನ ಬಲಗಡೆ ಒಂದು ಮಣೆ. ಮಣೆಯ ಮೇಲೆ ಆಸ್ಥಾನ ಪಂಡಿತ ವಾಮನಾವಧಾನಿ. ಕೂತು ಕೂತು ಮಣೆ ನುಣ್ಣಗಾಗಿತ್ತು. "ನಾನು ಎಂಬುದನ್ನು ಬಿಡಿ" ಅಂತ ದಿನಾ ಪಾಠ ಹೇಳುತ್ತಿದ್ದರು. ಮಣೆ ಮಾತ್ರ ಬಿಟ್ಟವರಲ್ಲ.

ಒಂದು ದಿನ ಪಡುವಣ ಕಡಲು ದಾಟಿ ಒಬ್ಬ ಜ್ಞಾನಿ ಬಂದ. ಹೆಸರು ಲಿಯಾಂಡರ್. ನಮ್ಮವರ ನಾಲಿಗೆಯಲ್ಲಿ ಲಿಂಗಣ್ಣನಾದ. ಅವಧಾನಿಗಳ ಪಾಠಕ್ಕೆ ತಪ್ಪದೆ ಬಂದು, ಕಂಬಕ್ಕೊರಗಿ ಕೂತು, ನಮ್ಮ ಮಾತನ್ನೂ ಕಲಿತ.

ರಾಜ ಒಮ್ಮೆ ಅವಧಾನಿಗಳಿಗಿಂತ ಮೊದಲು ಅವನಿಗೆ ವೀಳ್ಯ ಕೊಟ್ಟ. ಅವಧಾನಿಗಳ ಎದೆಯಲ್ಲಿ ಕಿಡಿ ಬಿತ್ತು. ಇನ್ನೊಮ್ಮೆ ರಾಜ ಅವನ ಮಾತಿಗೆ ಹೊಟ್ಟೆ ಹಿಡಿದು ನಕ್ಕ. ಕಿಡಿ ಕೆಂಡವಾಯಿತು. ಕೊನೆಗೆ ಮನೆಯಲ್ಲಿ ಹೆಂಡತಿ ಭಾಗೀರಥಮ್ಮ, "ಏನಂದ್ರೆ, ಲಿಂಗಣ್ಣನಿಗೆ ಹೋಳಿಗೆ ಅಂದ್ರೆ ಪ್ರಾಣವಂತೆ. ನಾಲ್ಕು ಕಟ್ಟಿಕೊಡಲಾ?" ಅಂದಳು. ಅಷ್ಟೇ, ಕೆಂಡ ಉರಿಯಾಯಿತು. ಅವತ್ತು ಅವಧಾನಿಗಳ ಗಂಟಲಲ್ಲಿ ಹೋಳಿಗೆ ಇಳಿಯಲಿಲ್ಲ.

ಮರುದಿನ ರಾಜನ ಮುಂದೆ ನಿಂತರು. "ಪ್ರಭು, ಒಂದು ಆಸ್ಥಾನಕ್ಕೆ ಎರಡು ಜ್ಞಾನ ಯಾಕೆ? ವಾದ ಆಗಲಿ. ಸೋತವರು ಗಡಿ ದಾಟಲಿ."

ಬೆಳ್ಳಾವರದ ವಾದಕ್ಕೊಂದು ಕಟ್ಟಳೆ. ಎದುರಾಳಿಯ ಮತವನ್ನು ಮೊದಲು ನೀನೇ ಹೇಳಬೇಕು. "ಹೌದು, ಇದು ನನ್ನ ಮಾತೇ" ಅಂತ ಅವನು ತಲೆದೂಗಬೇಕು. ಆಮೇಲೆಯೇ ಖಂಡನೆ. ಮೂರು ಸಲ ಹೇಳಿಯೂ ತಲೆದೂಗಿಸಲಾಗದವನು ಸೋತ ಹಾಗೆ.

ಅವಧಾನಿಗಳು ಶುರುಮಾಡಿದರು. "ಒಳ್ಳೆಯದು ಯಾವುದೆಂದು ಪ್ರಶ್ನೆ ಮಾಡಿ, ತರ್ಕದಲ್ಲಿ ತೂಗಿ ಅರಿಯಬೇಕು. ಪ್ರಕೃತಿಯ ಗುಟ್ಟನ್ನು ಬಿಡಿಸಿ ಬಿಡಿಸಿ ನೋಡಬೇಕು. ತನ್ನೊಳಗಿನ ಶಕ್ತಿ ಪೂರ್ತಿ ಅರಳುವ ಹಾಗೆ ಬಾಳುವುದೇ ಬದುಕಿನ ಗುರಿ. ಇದು ಈ ಪಡುವಣದವನ ಮತ."

"ನನಗಿಂತ ಚೆನ್ನಾಗಿ ಹೇಳಿದಿರಿ ಗುರುಗಳೇ," ಅಂತ ಲಿಂಗಣ್ಣ ಸಂತೋಷದಿಂದ ತಲೆದೂಗಿದ.

ಈಗ ಅವನ ಸರದಿ. ಅವಧಾನಿಗಳು ಒಳಗೊಳಗೇ ನಕ್ಕರು. ಇವನು ಏನು ಬೇಕಾದರೂ ಹೇಳಲಿ, ಕತ್ತು ನನ್ನದು.

"ಫಲದ ಮೇಲೆ ಕಣ್ಣಿಡದೆ ತನ್ನ ಪಾಲಿನ ಕೆಲಸ ಮಾಡುವುದೇ ಧರ್ಮ," ಅಂದ ಲಿಂಗಣ್ಣ.

"ನನ್ನ ಮಾತಲ್ಲ."

ದಿನಾ ಪಾಠದಲ್ಲಿ ಕೇಳುವ ಮಾತೇ ಅಲ್ಲವೇ ಅಂತ ಸಭೆ ಮುಖ ಮುಖ ನೋಡಿಕೊಂಡಿತು.

"ಮರ, ಹೊಳೆ, ಇರುವೆ, ಎಲ್ಲದರೊಳಗೂ ಇರುವುದು ಒಂದೇ ಜೀವ. ಪ್ರಕೃತಿ ನಮಗೆ ಹೊರಗಿನದಲ್ಲ."

"ನಾನು ಹಾಗಂದೇ ಇಲ್ಲ."

ಲಿಂಗಣ್ಣ ಒಂದು ಹೆಜ್ಜೆ ಮುಂದೆ ಬಂದ. ಉಳಿದದ್ದು ಒಂದೇ ಸಲ. ಮೆಲ್ಲಗೆ ಹೇಳಿದ: "ನಾನು ಎಂಬುದನ್ನು ಬಿಡುವುದೇ ಬಾಳಿನ ಗುರಿ."

ಅವಧಾನಿಗಳ ಕತ್ತು ರೂಢಿಯ ಮೇಲೆ ತಾನಾಗಿಯೇ ಬಾಗತೊಡಗಿತು. ಅಷ್ಟರಲ್ಲಿ ಹೋಳಿಗೆ ನೆನಪಾಯಿತು. ಕತ್ತು ಸೆಟೆಯಿತು. "ಅದೂ ನನ್ನದಲ್ಲ."

ರಾಜ ನಿಟ್ಟುಸಿರಿಟ್ಟ. "ಕಟ್ಟಳೆ ಕಟ್ಟಳೆಯೇ. ಲಿಂಗಣ್ಣ, ನೀನು ಹೊರಡಬೇಕು."

"ಹೊರಟೆ ಪ್ರಭು. ದಾರಿ ಬುತ್ತಿಗೆ ಒಂದು ಬೇಡಿಕೆ. ಈ ಮೂರು ಮಾತು ತಮ್ಮದಲ್ಲ ಅಂತ ಗುರುಗಳೇ ಸಭೆಯೆದುರು ಹೇಳಿದರು. ವಾರಸುದಾರರಿಲ್ಲದ ಆಸ್ತಿ. ನಾನು ಎತ್ತಿಕೊಳ್ಳಲೇ?"

ರಾಜನ ಮೀಸೆ ಕುಣಿಯಿತು. "ಎತ್ತಿಕೋ. ಅವಧಾನಿಗಳೇ, ನಾಳೆ ಪಾಠಕ್ಕೆ ಏನು ಹೇಳುತ್ತೀರಿ?"

ಅವಧಾನಿಗಳು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆ ಮಾತು ತಮ್ಮದು ಅಂದರೆ ಸಭೆಯೆದುರು ಸುಳ್ಳಾಡಿದ ಹಾಗೆ. ತಮ್ಮದಲ್ಲ ಅಂದರೆ ಮಣೆಯ ಮೇಲೆ ಕೂತು ಹೇಳಲು ಇನ್ನೇನೂ ಉಳಿದಿಲ್ಲ.

"ಎರಡು ದಿಕ್ಕಿನ ಮಾತೂ ಈಗ ಲಿಂಗಣ್ಣನ ಹತ್ತಿರ ಇದೆ. ಮಣೆಯೂ ಅವನದೇ. ತಮ್ಮ ಮಾತನ್ನೇ ಬಿಟ್ಟುಕೊಟ್ಟವರು ಸೋತ ಹಾಗೆ, ಗಡಿ ದಾಟಲಿ," ಅಂದ ರಾಜ.

ಅವಧಾನಿಗಳನ್ನು ಗಡಿ ದಾಟಿಸಲು ಲಿಂಗಣ್ಣ ಒಪ್ಪಲಿಲ್ಲ. "ತಲೆದೂಗಿದ ದಿನ ಮೂರೂ ಮಾತು ವಾಪಸ್ಸು, ಗುರುಗಳೇ," ಅಂದ. ಅಂದಿನಿಂದ ಅವಧಾನಿಗಳು ಅದೇ ಕಂಬಕ್ಕೊರಗಿ ಕೂತು, ತಮ್ಮ ಮಾತನ್ನೇ ಇನ್ನೊಬ್ಬನ ಬಾಯಲ್ಲಿ ಕೇಳಿದರು. ಕತ್ತು ಯಾವತ್ತಾದರೂ ಬಾಗಿತೋ ಇಲ್ಲವೋ, ಭಾಗೀರಥಮ್ಮನನ್ನೇ ಕೇಳಬೇಕು.

ನೀತಿ ಇಷ್ಟೇ: ಮೂಡಣವಾಗಲಿ ಪಡುವಣವಾಗಲಿ, ಇನ್ನೊಬ್ಬರ ಬಾಯಲ್ಲಿ ಬಂದ ಸತ್ಯಕ್ಕೆ ಹೊಟ್ಟೆಕಿಚ್ಚಿನಿಂದ ತಲೆದೂಗದವನು ತನ್ನ ಸತ್ಯವನ್ನೂ ಕಳೆದುಕೊಳ್ಳುತ್ತಾನೆ.

ಈಗ ನೀವು ತಲೆದೂಗಿದ್ದನ್ನು ನಾನು ನೋಡಿದೆ. ತಲೆದೂಗಿದವರೇ ಚಹಾದ ದುಡ್ಡು ಕೊಡುವುದು ಬೆಳ್ಳಾವರದ ಇನ್ನೊಂದು ಕಟ್ಟಳೆ. ನನ್ನದು ಎರಡು ಚಹಾ, ಒಂದು ಬನ್ನು.