ತಿರುವಿನಲ್ಲಿ ತಳ್ಳಿದವರು ಯಾರು?

"ಕೇಳಿರಿ, ಮಣಿವೂರಿನ ಪ್ರಜೆಗಳೇ! ರಾಜಕುಮಾರಿ ಇಳಾದೇವಿಯವರು ಸಭೆಯಲ್ಲಿ ಮೂರು ಒಗಟು ಒಡ್ಡುವರು. ಮೂರನ್ನೂ ಬಿಡಿಸಿದವನಿಗೆ ಬೇಡಿದ್ದನ್ನು ಕೊಡಲಾಗುವುದು. ಒಂದು ತಪ್ಪಿದರೂ ಹುಣ್ಣಿಮೆಯ ಬೆಳಿಗ್ಗೆ ಸಾರಥಿ ನಂಜನ ತಲೆಯ ಜೊತೆಗೆ ಅವನ ತಲೆಯೂ ಉರುಳುವುದು. ಇದು ಅಮರಸೇನ ಮಹಾರಾಜರ ಅಪ್ಪಣೆ!"

ಡಂಗುರದವನು ನಂಜನ ಅಪರಾಧವನ್ನು ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಅರಮನೆಯ ಹೂದೋಟದ ಮೂಲೆಯಲ್ಲಿ ರಥ ತಿರುಗುವಾಗ ಹತ್ತು ವರ್ಷದ ರಾಜಕುಮಾರ ಹೊರಗೆ ಬಿದ್ದು ಸತ್ತಿದ್ದ. ಸಾರಥಿ ಕುದುರೆಗಳನ್ನು ಬೆದರಿಸಿ ಓಡಿಸಿದನೆಂದು ರಾಜ ನಂಬಿದ್ದ. ಅದೇ ರಥದಲ್ಲಿದ್ದ ಇಳಾದೇವಿ ಒಪ್ಪಲಿಲ್ಲ. ಕುದುರೆಗಳ ಓಟ ಕೂದಲಷ್ಟೂ ಹೆಚ್ಚಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು. "ಹಾಗಾದರೆ ನನ್ನ ಮಗನನ್ನು ತಳ್ಳಿದವರು ಯಾರು?" ಎಂದು ತಂದೆ ಕೇಳಿದಾಗ ಮಾತ್ರ ಅವಳಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನೇ ಅವಳು ಮೂರನೆಯ ಒಗಟಾಗಿಸಿ, ಅದರ ಮುಂದೆ ತಾನು ಬಲ್ಲ ಎರಡನ್ನು ಇಟ್ಟಳು. ತಲೆಯ ಪಣ ಮಾತ್ರ ರಾಜನದು.

ಮೊದಲು ಬಂದವನು ಸೇನಾಪತಿಯ ಮಗ ರಣಧವಳ.

"ಜೋರಾಗಿ ಓಡುತ್ತಿರುವ ವಾಹನದೊಳಗೆ ಕಣ್ಣು ಕಟ್ಟಿಕೊಂಡು ಕುಳಿತವನಿಗೆ ತಾನು ಓಡುತ್ತಿರುವುದೇ ತಿಳಿಯುವುದಿಲ್ಲ. ಯಾವಾಗ?" ಎಂದಳು ಇಳಾದೇವಿ.

"ನಿದ್ದೆ ಹತ್ತಿದಾಗ!"

ಸಭೆ ನಕ್ಕಿತು. ಕಾವಲಿನವರು ಅವನ ತೋಳು ಹಿಡಿದಾಗ ನಗು ನಿಂತಿತು.

ಎರಡನೆಯವರು ಆಸ್ಥಾನ ಪಂಡಿತ ತ್ರಿಲೋಚನ ಭಟ್ಟರು. ಅವರಿಗೆ ಹನ್ನೆರಡು ಬಿರುದುಗಳಿದ್ದವು. ಹನ್ನೆರಡನ್ನೂ ಓದಿಸಿದ ಮೇಲೆಯೇ ಅವರು ಬಾಯಿ ತೆರೆದರು. "ಓಟ ಒಂದೇ ಸಮನಾಗಿ, ನೇರವಾಗಿ ಇರುವಾಗ" ಎಂದು ಮೊದಲ ಒಗಟನ್ನು ಬಿಡಿಸಿದರು. ಅದು ಸರಿ.

"ಮೇಲಕ್ಕೆಸೆದ ಹಣ್ಣು ತುತ್ತತುದಿಯನ್ನು ಮುಟ್ಟಿದೆ. ಆ ಕ್ಷಣದಲ್ಲಿ ಅದಕ್ಕೆ ಏನಿಲ್ಲ? ಏನಿದೆ?"

"ವೇಗವಿಲ್ಲ. ವೇಗವೇ ಇಲ್ಲವೆಂದ ಮೇಲೆ ವೇಗೋತ್ಕರ್ಷ, ಅಂದರೆ ವೇಗದ ಬದಲಾವಣೆ, ಎಲ್ಲಿಂದ ಬರಬೇಕು, ತಾಯಿ? ಏನೂ ಇಲ್ಲ."

ಪಂಡಿತರನ್ನೂ ಕರೆದೊಯ್ದರು. ಮುಂದೆ ಬರುವವರಿರಲಿಲ್ಲ. ಹುಣ್ಣಿಮೆಗೆ ಒಂದು ದಿನ ಉಳಿದಿತ್ತು.

ಆಗ ಪಲ್ಲಕ್ಕಿ ಹೊರುವ ಲಕುಮ ಬಾಗಿಲಿಗೆ ಬಂದ. ನಂಜನ ಮಗ.

"ಲೋ, ಇದು ತಲೆಯ ಕೆಲಸ, ಹೆಗಲಿನದಲ್ಲ. ಹೋಗು" ಎಂದ ದ್ವಾರಪಾಲಕ.

"ಅಪ್ಪನ ತಲೆ ಈಗಾಗಲೇ ಒಳಗಿದೆಯಣ್ಣ. ನನ್ನದನ್ನೂ ತಂದಿದ್ದೇನೆ, ಬಿಡು."

ಇಳಾದೇವಿ ಮೊದಲ ಒಗಟನ್ನು ಕೇಳಿದಳು. ಲಕುಮ ನೆಲ ನೋಡುತ್ತ ಹೇಳಿದ: "ಹೊರಡುವಾಗ ಪಲ್ಲಕ್ಕಿಯ ತೊಲೆ ನಮ್ಮ ಹೆಗಲನ್ನು ಹಿಂದಕ್ಕೆ ಎಳೆಯುತ್ತದೆ, ಅಮ್ಮಾವ್ರೇ. ನಿಲ್ಲುವಾಗ ಮುಂದಕ್ಕೆ ನೂಕುತ್ತದೆ. ನಡುವೆ ಎಷ್ಟೇ ಬಿರುಸಾಗಿ ನಡೆದರೂ, ಹೆಜ್ಜೆ ಸಮವಾಗಿ ದಾರಿ ನೇರವಾಗಿದ್ದರೆ ಬರೀ ಭಾರ. ಒಳಗಿರುವವರಿಗೆ ತಿಳಿಯುವುದು ಓಟವಲ್ಲ, ಓಟದ ಬದಲಾವಣೆ."

"ಎರಡನೆಯದು?"

ಅವನು ತಟ್ಟೆಯಿಂದ ಲಿಂಬೆಹಣ್ಣೊಂದನ್ನು ಕೇಳಿ ಪಡೆದು, ಮೇಲಕ್ಕೆಸೆದು, ಹಿಡಿದ. "ತುದಿಯಲ್ಲಿ ಅದಕ್ಕೆ ವೇಗವಿಲ್ಲ. ನೆಲದ ಎಳೆತ ಇದೆ. ಎಳೆತವೂ ಇಲ್ಲದಿದ್ದರೆ ಹಣ್ಣು ಅಲ್ಲೇ ಉಳಿಯುತ್ತಿತ್ತು, ನನ್ನ ಕೈಗೆ ಬರುತ್ತಿರಲಿಲ್ಲ. ವೇಗ ಸೊನ್ನೆಯಾದ ಕ್ಷಣದಲ್ಲೂ ವೇಗ ಬದಲಾಗುತ್ತಲೇ ಇರುತ್ತದೆ."

ಮೂರನೆಯದನ್ನು ರಾಜನೇ ಕೇಳಿದ. ಅವನ ಧ್ವನಿ ಸಮವಾಗಿರಲಿಲ್ಲ. "ಕುದುರೆಗಳ ಓಟ ಹೆಚ್ಚಲಿಲ್ಲ, ತಗ್ಗಲಿಲ್ಲ. ಆದರೂ ಮಗು ಹೊರಗೆ ಬಿತ್ತು. ತಳ್ಳಿದವರು ಯಾರು?"

"ಉತ್ತರವನ್ನು ಬಾಯಲ್ಲಿ ಹೇಳಿದರೆ ನಂಬುವುದು ಕಷ್ಟ, ಬುದ್ಧಿ. ಪಲ್ಲಕ್ಕಿಯಲ್ಲಿ ಕೂರಬೇಕು."

ರಾಜ ಕುಳಿತ. ಪರದೆ ಇಳಿಬಿಟ್ಟರು. ಲಕುಮ ಮತ್ತು ಅವನ ಮೂವರು ಜೊತೆಗಾರರು ಹೆಜ್ಜೆಗಳನ್ನು ಗಟ್ಟಿಯಾಗಿ ಎಣಿಸುತ್ತ ಸಭಾಂಗಣದ ಉದ್ದಕ್ಕೂ ಬಿರುಸಾಗಿ ನಡೆದರು. ಎಣಿಕೆಯ ಲಯ ಎಲ್ಲಿಯೂ ತಪ್ಪಲಿಲ್ಲ. ಕಂಬದ ಬಳಿ ಅದೇ ಲಯದಲ್ಲಿ ಥಟ್ಟನೆ ಎಡಕ್ಕೆ ತಿರುಗಿದರು. ಒಳಗೆ ರಾಜನ ಭುಜ ಬಲಬದಿಯ ಹಲಗೆಗೆ ಬಡಿಯಿತು.

"ಯಾರದು ತಳ್ಳಿದ್ದು?" ಎಂದು ಅವನು ಕೂಗಿದ.

"ಯಾರೂ ತಳ್ಳಲಿಲ್ಲ, ಬುದ್ಧಿ" ಎಂದ ಲಕುಮ, ತೊಲೆಯ ಕೆಳಗಿನಿಂದಲೇ. "ಪಲ್ಲಕ್ಕಿ ತಿರುಗಿತು. ತಾವು ನೇರ ಹೋಗುತ್ತಿದ್ದಿರಿ. ಹಲಗೆ ತಮ್ಮನ್ನು ತಡೆದು ತನ್ನ ಜೊತೆ ತಿರುಗಿಸಿತು. ರಥದ ಬದಿ ಚಿಕ್ಕಪ್ರಭುಗಳ ಮೊಣಕಾಲಿನಷ್ಟೇ ಎತ್ತರವಿತ್ತು, ಅವರನ್ನು ತಡೆಯಲಿಲ್ಲ. ಓಟ ಎಷ್ಟಿತ್ತೋ ಅಷ್ಟೇ ಇದ್ದರೂ ದಿಕ್ಕು ಬದಲಾದರೆ ಅದೂ ಬದಲಾವಣೆಯೇ."

ರಾಜ ಪರದೆ ಸರಿಸಿ ಕೆಳಗಿಳಿದ. "ತಿರುವೆಂದು ಗೊತ್ತಿದ್ದೂ ನಿಮ್ಮಪ್ಪ ಯಾಕೆ ನಿಧಾನಿಸಲಿಲ್ಲ?"

ಲಕುಮ ತೊಲೆ ಬಿಟ್ಟು ರಾಜನ ಮುಂದೆ ಬಂದ. ಇಲ್ಲಿ ಸುಮ್ಮನಾದರೆ ಅಪ್ಪ ಉಳಿಯುವುದಿಲ್ಲ. ಹೇಳಿದರೆ ಬಹುಶಃ ಇಬ್ಬರೂ ಉಳಿಯುವುದಿಲ್ಲ.

"ರಾಜರಥ ಊರೊಳಗೆ ಎಲ್ಲಿಯೂ ನಿಧಾನಿಸಬಾರದೆಂದು ಅರಮನೆಯ ಕಟ್ಟಳೆ, ಬುದ್ಧಿ. ಅಪ್ಪ ಇಪ್ಪತ್ತು ವರ್ಷ ಆ ಮೂಲೆಯನ್ನು ಅದೇ ಓಟದಲ್ಲಿ ದಾಟಿದ. ಆಗ ದಾರಿ ಅಗಲವಾಗಿ ಬಾಗುತ್ತಿತ್ತು. ಕಳೆದ ತಿಂಗಳು ತೋಟವನ್ನು ದೊಡ್ಡದು ಮಾಡಿ ಗೋಡೆಯನ್ನು ದಾರಿಗೆ ತಂದಿರಿ. ಓಟ ಅದೇ ಉಳಿಯಿತು, ತಿರುವು ಬಿಗಿಯಾಯಿತು. ತಿರುವು ಬಿಗಿಯಾದಷ್ಟೂ ಬದಲಾವಣೆ ದೊಡ್ಡದು. ಕಟ್ಟಳೆಯೂ ತಮ್ಮದು, ಗೋಡೆಯೂ ತಮ್ಮದು."

ಕಾವಲಿನವನ ಕೈ ಕತ್ತಿಗೆ ಹೋಯಿತು. ರಾಜ ಅವನತ್ತ ನೋಡಿ ಬೇಡವೆಂದು ತಲೆಯಲ್ಲಾಡಿಸಿದ. ಲಕುಮನತ್ತ ತಿರುಗಿ, "ಒಗಟು ಬಿಡಿಸಿದ್ದೀಯೆ. ಬಹುಮಾನವಾಗಿ ನಿಮ್ಮಪ್ಪನನ್ನು ಬೇಡು, ಕೊಡುತ್ತೇನೆ" ಎಂದ.

"ಬೇಡುವುದಿಲ್ಲ, ಬುದ್ಧಿ. ತಪ್ಪು ಮಾಡದವನನ್ನು ಬಹುಮಾನವಾಗಿ ಪಡೆದರೆ ಅವನು ತಪ್ಪು ಮಾಡಿದಂತಾಗುತ್ತದೆ. ಅವನನ್ನು ನ್ಯಾಯವಾಗಿ ಬಿಡಬೇಕು. ನಾನು ಬೇಡುವುದು ಬೇರೆ: ನಿಧಾನಿಸಬೇಕಾದಲ್ಲಿ ನಿಧಾನಿಸುವ ಅಧಿಕಾರ ಓಡಿಸುವವನಿಗಿರಲಿ, ಹೊರುವವನಿಗಿರಲಿ."

ಕಟ್ಟಳೆ ಅಲ್ಲೇ ರದ್ದಾಯಿತು. ಲಕುಮನಿಗೆ ನದಿಯಂಚಿನ ಗದ್ದೆಯನ್ನು ಕೊಟ್ಟು, ಅರಮನೆಯ ರಥಗಳನ್ನೆಲ್ಲ ಅವನ ಉಸ್ತುವಾರಿಗೆ ಒಪ್ಪಿಸಿದರು. ಭಟ್ಟರನ್ನೂ ಸೇನಾಪತಿಯ ಮಗನನ್ನೂ ಬಿಟ್ಟುಬಿಡಲು ಇಳಾದೇವಿ ಹೇಳಿದಳು.

ನಂಜನ ಸೆರೆಕೋಣೆಯ ಬೀಗವನ್ನು ರಾಜನೇ ತೆಗೆದ. ಮುದುಕ ಎದ್ದು ನಿಂತ. ಬಿಡುಗಡೆಯಾದದ್ದು ಅವನಿಗಿನ್ನೂ ಗೊತ್ತಿರಲಿಲ್ಲ.

"ಒಂದು ಕೈಯಲ್ಲಿ ಲಗಾಮು ಹಿಡಿದು ಇನ್ನೊಂದು ಕೈ ಚಾಚಿದೆ, ಬುದ್ಧಿ" ಎಂದ. "ಅಂಗಿಯ ಅಂಚು ಸಿಕ್ಕಿತ್ತು. ಮಗು ಸಿಗಲಿಲ್ಲ."

ರಾಜ ಅವನ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ನೆಲದ ಮೇಲೆ ಕುಳಿತ.