ಗಂಟು ಬಿಚ್ಚಿದ ಕೂಳಿ

ಕಾಡಿನ ಜನರು ವಾಸಿಸುವ ಹಾಡಿಯ ಪಕ್ಕದ ಹೊಳೆಯಲ್ಲಿ, ಎರಡು ಬಂಡೆಗಳ ನಡುವಿನ ಕಿರುದಾರಿಗೆ ಬಾಯೊಡ್ಡಿಕೊಂಡು ಮೀನು ಹಿಡಿಯುವ ಬಿದಿರಿನ ಕೂಳಿಯೊಂದು ಕೂತಿತ್ತು. ಅದರೊಳಗೆ ಹೋದ ಮೀನು ಹೊರಗೆ ಬಂದದ್ದಿಲ್ಲ. ಮುಂಗಾರಿನ ಹೊಸನೀರು ಬಂದಾಗ, ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನೊಂದು ಹೊಳೆ ಹತ್ತಿಕೊಂಡು ಬಂದು ಕೂಳಿಯೆದುರು ನಿಂತಿತು.

“ಕೂಳಿಯವರೇ, ಮೇಲೆ ಹೋಗಲು ಬೇರೆ ದಾರಿಯಿದೆಯೇ?”

“ಇಲ್ಲ ತಾಯಿ, ನನ್ನೊಳಗೇ ಹೋಗಬೇಕು.”

“ನಮ್ಮಮ್ಮನೂ ಹಾಗೇ ಹೋದಳು.”

“ನಿಜ. ಆದರೆ ಮೊನ್ನೆ ಮೀನು ಉಳಿಸುವ ಮೇಷ್ಟರು ಹಾಡಿಗೆ ಬಂದಿದ್ದರು. ಮೀನುಗಳ ಸಂತಾನ ಕಡಿಮೆಯಾಗುತ್ತಿದೆ, ಮೊಟ್ಟೆ ಇಡುವ ತನಕ ಬಿಟ್ಟುಬಿಡಿ ಎಂದರು. ನನ್ನನ್ನು ಹೆಣೆದ ಮುತ್ತಮ್ಮ, ‘ಬಸುರಿ ಅಂತ ಗೊತ್ತಾದ್ಮೇಲೆ ಹಿಡಿಯೋಕೆ ಮನಸು ಬತ್ತದಾ?’ ಅಂದು, ಅವತ್ತೇ ಬಂದು ನನ್ನ ಹಿಂಬದಿಯ ಗಂಟು ಬಿಚ್ಚಿದಳು. ಇಣುಕಿ ನೋಡು, ಆಚೆ ಬೆಳಕು ಕಾಣುತ್ತದೆ.”

“ಹಾಗಾದರೆ ನಿಮ್ಮನ್ನು ನೀರಲ್ಲೇ ಏಕೆ ಬಿಟ್ಟಳು?”

“ಒಣಗಿದರೆ ನನ್ನ ಬಿದಿರು ಸೀಳಿಹೋಗುತ್ತದೆ. ಅವಳಿಗೆ ನನ್ನ ಮೇಲೂ ಅಕ್ಕರೆ.”

ಮೀನು ಇಣುಕಿ ನೋಡಿತು. ಆಮೇಲೆ ಸರ್ರನೆ ಒಳನುಗ್ಗಿ ಆಚೆಯಿಂದ ಹೊರಬಿದ್ದು, ತಿರುಗಿ ಹೇಳಿತು: “ನಿಮ್ಮಂಥ ಒಳ್ಳೆಯವರನ್ನು ನಾನು ಕಂಡಿಲ್ಲ. ಮಕ್ಕಳಿಗೆಲ್ಲ ಈ ದಾರಿಯನ್ನೇ ಹೇಳಿಕೊಡುತ್ತೇನೆ.”

ಕೂಳಿಗೆ ಗಾಬರಿಯಾಯಿತು. “ಹೇಳಿಕೊಡು ತಾಯಿ. ಆದರೆ ನುಗ್ಗುವ ಮುಂಚೆ ಆಚೆ ಬೆಳಕು ಕಾಣುತ್ತದಾ ನೋಡಿ ಅಂತಲೂ ಹೇಳಿಕೊಡು. ಮೊಟ್ಟೆಯ ಕಾಲ ಕಳೆದ ಮೇಲೆ ಮುತ್ತಮ್ಮ ಗಂಟು ಹಾಕುತ್ತಾಳೆ. ಆಗ ನಾನು ಮತ್ತೆ ಕೂಳಿಯೇ.”