ಪರದೆ ಒರೆಸಿದ ಬೋರಲಿಂಗ

ಹೂಂಗುಟ್ಟುವವರು ಒಬ್ಬರಾದರೂ ಇದ್ದರೆ ಹೇಳುತ್ತೇನೆ. ಇಲ್ಲದಿದ್ದರೆ ನನಗೂ ಸಾಕಾಗಿದೆ, ಮಂಚಮ್ಮನಿಗೆ ಸಾಕಾದ ಹಾಗೆ.

ಮಂಚಮ್ಮ ವಿಶ್ವವಿದ್ಯಾನಿಲಯದಲ್ಲಿ ಕಸ ಗುಡಿಸುವವಳು. ಬಗ್ಗಿ ಬಗ್ಗಿ ಮಂಡಿ ಸವೆದಿತ್ತು. ಮಗ ಬೋರಲಿಂಗನಿಗೆ ಅಲ್ಲೇ ಒಂದು ಕಾಯಂ ಕೆಲಸವಾದರೆ ತಾನು ಮನೆಯಲ್ಲಿ ಕಾಲು ಚಾಚಿ ಕೂರಬಹುದು, ಅವಳಿಗಿದ್ದದ್ದು ಇದೊಂದೇ ಆಸೆ. ಮಗ ಒಳ್ಳೆಯವನು. ಸುಳ್ಳಿಲ್ಲ, ಕಳ್ಳತನವಿಲ್ಲ, ಅವ್ವ ಹೇಳಿದ ಮಾತು ಮೀರುವವನಲ್ಲ. ಕಷ್ಟವೆಲ್ಲ ಇದ್ದದ್ದು ಆ ಕೊನೆಯದರಲ್ಲೇ.

ಆ ವರ್ಷ ಮೇಲಿನಿಂದ ಹುಕುಂ ಬಂತು, ಇನ್ನು ಪಾಠವೆಲ್ಲ ಪರದೆಯ ಮೇಲೆ ಅಂತ. ಇತಿಹಾಸದ ಕಾತ್ಯಾಯಿನಿ ಮೇಡಂ ಅಷ್ಟು ವರ್ಷ ಸೀಮೆಸುಣ್ಣದಲ್ಲೇ ರಾಜರನ್ನು ಗದ್ದುಗೆ ಹತ್ತಿಸಿ ಇಳಿಸಿದವರು. ಅವರಿಗೆ ಯಂತ್ರ ಕಂಡರೆ ಬೇಸರ. ಅದನ್ನು ಹೊತ್ತು ತಂದು ಹಚ್ಚಿಕೊಡಲು ಒಬ್ಬ ಬೇಕು ಎಂದಾಗ ಮಂಚಮ್ಮ ಅವರ ಕಾಲು ಹಿಡಿದು ಮಗನನ್ನು ಸೇರಿಸಿದಳು. ನೆಟ್ಟಗೆ ಮಾಡಿದರೆ ಕಾಯಂ, ಕೆಡಿಸಿದರೆ ಮನೆಗೆ.

"ಪ್ರೊಜೆಕ್ಟರ್ ತಗೊಂಡು ಬಾಪ್ಪ," ಎಂದರು ಮೇಡಂ ಮೊದಲ ದಿನ.

ತಂದ. ತಲೆಯ ಮೇಲಿಟ್ಟುಕೊಂಡು ತಂದ. ವೈರು ಬಾಲದ ಹಾಗೆ ಮೆಟ್ಟಿಲುದ್ದಕ್ಕೂ ಬಡಿದುಕೊಂಡು ಬಂತು, ಪಿನ್ನು ಮುರಿಯಿತು, ಪಾಠ ನಿಂತಿತು.

"ನನ್ನ ಕರ್ಮ," ಎಂದಳು ಮಂಚಮ್ಮ ಸಂಜೆ. "ಅಂಥಾ ಸಾಮಾನ ಹಂಗಾ ಎಳ್ಕೊಂಡೋಗದು? ವೈರು ಸುತ್ತಿಡ್ಬೇಕು, ಧೂಳು ಬೀಳ್ದಂಗೆ ಮ್ಯಾಲೊಂದು ಬಟ್ಟೆ ಹೊದಿಸ್ಬೇಕು ಕಣ್ಲಾ."

"ಆಗ್ಲಿ ಕಣವ್ವ. ಹಂಗೇ ಮಾಡ್ತೀನಿ."

ಹಂಗೇ ಮಾಡಿದ. ಮಾರನೆಯ ದಿನ ದೂರದೂರಿನ ವಿದ್ಯಾರ್ಥಿಗಳಿಗೆ ಕಳಿಸಲೆಂದು ಕ್ಯಾಮೆರಾ ನಿಲ್ಲಿಸಿ ಮೇಡಂ ಪಾಠ ಶುರುಮಾಡಿದರು. ಅವರಿಗೆ ಕ್ಯಾಮೆರಾ ಎಂದರೆ ನಾಚಿಕೆ, ಅದರ ಕಡೆ ತಿರುಗಿಯೂ ನೋಡಲಿಲ್ಲ. ಬೋರಲಿಂಗ ಹೆಗಲ ಮೇಲಿನ ಟವೆಲ್ಲು ತೆಗೆದು ಅದಕ್ಕೆ ಬೆಚ್ಚಗೆ ಹೊದಿಸಿದ. ಆಮೇಲೆ ಹಾಕಿ ನೋಡಿದರೆ ಬರೀ ಕತ್ತಲು. ಒಂದು ಸಾಮ್ರಾಜ್ಯ ಕತ್ತಲಲ್ಲೇ ಹುಟ್ಟಿ ಕತ್ತಲಲ್ಲೇ ಬಿದ್ದುಹೋಗಿತ್ತು.

"ಅಯ್ಯೋ ಪೆದ್ದೇ," ಎಂದಳು ಮಂಚಮ್ಮ. "ಪಾಠದ ಜಾಗದಲ್ಲಿ ಮುಚ್ಚಬಾರ್ದು ಕಣ್ಲಾ. ಮಕ್ಳು ಕಲಿಯಾಕೆ ಬಂದಿರದು. ಏನಿದ್ರೂ ಎಲ್ರಿಗೂ ಕಾಣಂಗೆ ತೆರೆದಿಡ್ಬೇಕು."

"ಆಗ್ಲಿ ಕಣವ್ವ. ಹಂಗೇ ಮಾಡ್ತೀನಿ."

ಹಂಗೇ ಮಾಡಿದ. ಒಂದು ದಿನ ಪಾಠದ ನಡುವೆ ಮೇಡಂಗೆ ಕಚೇರಿಯಿಂದ ಕರೆ ಬಂತು. ಲ್ಯಾಪ್‌ಟಾಪು ಮುಚ್ಚಿಟ್ಟು ಹೋದರು. ಮುಚ್ಚಿದ್ದು ಕಂಡರೆ ಬೋರಲಿಂಗ ಬಿಟ್ಟಾನೆಯೆ? ತೆರೆದ. ಒಳಗಿದ್ದದ್ದನ್ನು ಪರದೆ ತುಂಬ ದೊಡ್ಡದಾಗಿ ಮೂಡಿಸಿದ. ಮೇಡಂ ತಿರುಗಿ ಬಂದಾಗ ತರಗತಿಯೆಲ್ಲ ತಲೆ ಬಗ್ಗಿಸಿ ಬರೆಯುತ್ತಿತ್ತು, ಒಂದು ಪಿಸುಮಾತಿಲ್ಲ. ಇಷ್ಟು ವರ್ಷಕ್ಕೆ ಇಂಥ ಮಕ್ಕಳು ಸಿಕ್ಕರಲ್ಲ ಎಂದು ಅವರಿಗೆ ಕಣ್ಣು ತುಂಬಿ ಬಂತು. ಆಮೇಲೆ ಪರದೆ ನೋಡಿದರು. ಬರುವ ಪರೀಕ್ಷೆಗೆ ಅವರೇ ತಯಾರಿಸಿದ್ದ ಪ್ರಶ್ನೆಪತ್ರಿಕೆ ಅದು.

ಮಂಚಮ್ಮ ಬಂದು ಬಾಗಿಲಲ್ಲಿ ನಿಂತು ಅತ್ತಳು. ಮೇಡಂ ನಿಟ್ಟುಸಿರು ಬಿಟ್ಟರು.

"ಪ್ರಶ್ನೆ ನಾನು ಬೇರೆ ಬರೀತೀನಿ, ಬಿಡಮ್ಮ. ಸೋಮವಾರ ಕುಲಪತಿಗಳು ಇದೇ ಪರದೆ ಮೇಲೆ ಬಂದು ಇವನನ್ನ ಮಾತಾಡಿಸ್ತಾರೆ. ಕಾಯಂ ಮಾಡೋದು ಅವರ ಕೈಲಿದೆ. ಅಲ್ಲೀವರೆಗೆ ಏನೂ ಕೆಡಿಸದ ಹಾಗೆ ನೋಡ್ಕೋ."

ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನೆ ನಿಲ್ಲುತ್ತದೆ. ಇವನು ಕುಣಿಯುತ್ತಿದ್ದ, ಅದೇ ತಾಪತ್ರಯ. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಮಂಚಮ್ಮ ಹೇಳಿದಳು: "ಬೋರ್ಡು ಒರೆಸಲ್ವಾ ಜನ? ಹಂಗೇ ಒರೆಸ್ಬಾರ್ದಿತ್ತಾ? ಇನ್ಮ್ಯಾಲೆ ಪರದೆ ಮ್ಯಾಲೆ ಏನು ಕಂಡ್ರೂ ಉಳಿಸ್ಬ್ಯಾಡ. ಒರೆಸ್ಬುಡು."

"ಆಗ್ಲಿ ಕಣವ್ವ. ಹಂಗೇ ಮಾಡ್ತೀನಿ."

ಹೇಳಿದ ಮೇಲೆ ಅವಳಿಗೇ ಯಾಕೋ ಅಳುಕಾಯಿತು. ಆದರೆ ಬುದ್ಧಿ ಹೇಳಿ ಹೇಳಿ ಬಾಯಿ ಸೋತಿತ್ತು, ಸುಮ್ಮನಾದಳು.

ಸೋಮವಾರ ಹೊಂಗೆಮರದ ಕೆಳಗೆ ಕಾದು ಕೂತಳು. ಬೋರಲಿಂಗ ಮೈಯೆಲ್ಲ ಒದ್ದೆ ಮಾಡಿಕೊಂಡು ನಗುನಗುತ್ತಾ ಬಂದ.

"ಏನಾಯ್ತಲಾ?"

"ಸಾಯೇಬ್ರು ಪರದೆ ಮ್ಯಾಲೆ ಬಂದ್ರು ಕಣವ್ವ. ನೀ ಹೇಳ್ದಂಗೆ ಒದ್ದೆಬಟ್ಟೆ ತಗೊಂಡು ಒರೆಸ್ದೆ. ಹೋಗ್ಲಿಲ್ಲ. ಮೀಸೆ ತಾವ ಗಸಗಸ ಉಜ್ಜಿದ್ರೂ ಹೋಗ್ಲಿಲ್ಲ."

"ಮೇಡಂ ಏನಂದ್ರು?"

"ತಲೆ ಮ್ಯಾಲೆ ಕೈ ಹೊತ್ಕೊಂಡು ಕೂತಿದ್ರು. ನಾ ಪರದೇನೇ ಬಿಚ್ಚಿ ತಂದು, ನಲ್ಲಿ ತಾವ ಸೋಪು ಹಾಕಿ ಒಗೆದು ಒಣಗಾಕಿವ್ನಿ. ಬಾ ನೋಡು, ಮೀಸೆ ಒಂದು ಕೂದ್ಲೂ ಉಳಿದಿಲ್ಲ."

ಮಂಚಮ್ಮ ಮರ ಹಿಡಿದು ಎದ್ದಳು. "ಸಾಯೇಬ್ರು ಏನಾರ ಕೇಳಿದ್ರಾ ಮಗ?"

"ಕೇಳಿದ್ರು. ಮೇಡಂ ನಿನ್ನ ಬಗ್ಗೆ ಒಳ್ಳೆ ಮಾತಾಡವ್ರೆ, ಕಾಯಂ ಮಾಡ್ತೀವಿ, ಒಪ್ಪಿಗೇನಾ ಅಂತ ಕೇಳ್ತಾನೇ ಇದ್ರು. ಹೂಂ ಅನ್ನಾಣ ಅಂದ್ರೆ, ಮೊದ್ಲು ನಿನ್ ಮಾತು ನಡೆಸ್ಬೇಕಲ್ಲವ್ವ."

ಮಂಚಮ್ಮ ಬೈಯಲಿಲ್ಲ. ಬೈದರೆ ಅದರಲ್ಲೂ ಎಲ್ಲಿ ಒಂದು ಬುದ್ಧಿಮಾತು ಸೇರಿಕೊಳ್ಳುತ್ತದೋ ಎಂದು ಹೆದರಿ, ಬಾಯಿಗೆ ಸೆರಗು ಒತ್ತಿಕೊಂಡು, ಪರದೆ ಒಣಗಿತೇನೋ ನೋಡಲು ನಲ್ಲಿಯ ಕಡೆ ನಡೆದಳು.